ಲೀಡರ್ ಹೊಂಬಾಳಮ್ಮನ ಗೋಡೆ

ತೊರೆಪಾಳ್ಯದ ನೂಲುಬೀದಿಯಲ್ಲಿ ಲೀಡರ್ ಅನ್ನಿಸಿಕೊಂಡವರು ಇಬ್ಬರು. ಒಬ್ಬರು ಐದು ವರ್ಷಕ್ಕೊಮ್ಮೆ ಕೈಮುಗಿದುಕೊಂಡು ಬಂದು, ರೇಷ್ಮೆಹುಳ ಬೆಂದ ವಾಸನೆಗೆ ಮೂಗು ಮುಚ್ಚಿಕೊಳ್ಳಲೂ ಆಗದೆ ಮುಗುಳ್ನಗುತ್ತ ನಿಂತು ಹೋಗುವವರು. ಇನ್ನೊಬ್ಬರು ಹೊಂಬಾಳಮ್ಮ. ಈಕೆಯ ಅಧಿಕಾರ ವಾರಕ್ಕೊಮ್ಮೆ, ಮಂಗಳವಾರ ಬೆಳಗ್ಗೆ ಏಳರಿಂದ ಏಳೂವರೆವರೆಗೆ.

ಮಂಗಳವಾರ ಬಂತೆಂದರೆ ಹೊಂಬಾಳಮ್ಮ ಅಂಗಳ ಗುಡಿಸಿ, ನೀರು ಹಾಕಿ, ಚಾಪೆ ಹಾಸುತ್ತಿದ್ದಳು. ಸಾಲದ ಕಂಪನಿಯ ಮಧುಕುಮಾರ ಬೈಕಿನಲ್ಲಿ ಬರುತ್ತಿದ್ದ. ಸಂಘದ ಐದು ಹೆಂಗಸರು ಸಾಲಾಗಿ ಕೂತು, ಬಲಗೈ ಮುಂದೆ ಚಾಚಿ ಪ್ರಮಾಣ ಹೇಳಬೇಕು: ಕಂತು ತಪ್ಪಿಸುವುದಿಲ್ಲ, ನಮ್ಮಲ್ಲಿ ಒಬ್ಬಳಿಗೆ ಕಷ್ಟ ಬಂದರೆ ಉಳಿದವರು ಹೊರುತ್ತೇವೆ. ಮಿಕ್ಕ ನಾಲ್ವರು ಬಾಯಲ್ಲೇ ಗೊಣಗಿ ಮುಗಿಸುತ್ತಿದ್ದರು. ಹೊಂಬಾಳಮ್ಮ ಮಾತ್ರ ಬೀದಿಯ ಕೊನೆಯಲ್ಲಿ ಕಟ್ಟಿದ ಎಮ್ಮೆ ತಿರುಗಿ ನೋಡುವ ಹಾಗೆ ಹೇಳುತ್ತಿದ್ದಳು. ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು ಎಂದು ಆಮೇಲೆ ಇಡೀ ಬೀದಿ ಬುದ್ಧಿ ಹೇಳಿತು. ಹೇಳುವಾಗ ಯಾರೂ ತಡೆದಿರಲಿಲ್ಲ.

ಪ್ರಮಾಣ ಮುಗಿದ ಮೇಲೆ ಮಧುಕುಮಾರನಿಗೆ ಕಾಫಿ. ಅದು ಕಂಪನಿಯ ನಿಯಮದಲ್ಲಿರಲಿಲ್ಲ, ಲೀಡರ್ ಗಿರಿಯ ಮರ್ಯಾದೆಯಲ್ಲಿತ್ತು. ಹಿತ್ತಾಳೆ ಲೋಟ, ಮುಂದೆ ಒಂದು ಸ್ಟೂಲು. "ಲೀಡರಮ್ಮನ ಕಾಫಿ ಕುಡುದ್ರೆ ಆ ವಾರ ಪೂರ್ತಿ ಕಲೆಕ್ಷನ್ನು ಸಲೀಸು ಕಣಮ್ಮ" ಎಂದು ಅವನು ಅನ್ನುತ್ತಿದ್ದ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾಲ್ಕು ವರ್ಷ ಹೀಗೆ ನಡೆಯಿತು.

ಉಳಿದ ಆರು ದಿನ ಅವಳು ಲೀಡರೂ ಅಲ್ಲ, ಏನೂ ಅಲ್ಲ. ಮನೆಯ ಹಿಂದಿನ ತಗಡಿನ ಸೂರಿನಡಿ ಎರಡು ಬೇಸಿನ್, ಒಂದು ಚರಕ. ಗಂಡ ಬೋರಲಿಂಗಯ್ಯ ಒಲೆಗೆ ಸೌದೆ ಒಟ್ಟುತ್ತಿದ್ದ. ಇವಳು ಕುದಿನೀರಿನಲ್ಲಿ ಕುಣಿಯುವ ರೇಷ್ಮೆಗೂಡುಗಳೊಳಗೆ ಬೆರಳು ಇಳಿಸಿ, ಕಣ್ಣಿಗೆ ಕಾಣದ ನೂಲಿನ ತುದಿಗಳನ್ನು ಹುಡುಕಿ ತೆಗೆದು, ಚರಕಕ್ಕೆ ಕೊಡುತ್ತಿದ್ದಳು. ಮೂವತ್ತು ವರ್ಷ ಆ ನೀರಿನಲ್ಲಿ ನೆಂದ ಕೈ. ಬೆರಳಿನ ತುದಿ ಬೆಳ್ಳಗೆ, ಸುಕ್ಕುಸುಕ್ಕು. ಬಿಸಿ ಎಂದರೇನು ಎಂದು ಆ ಕೈಗೆ ಮರೆತೇ ಹೋಗಿತ್ತು. ಓದು ಬಾರದು. ಲೀಡರ್ ಆದವಳು ಹೆಬ್ಬೆಟ್ಟು ಒತ್ತಿದರೆ ಚೆನ್ನಾಗಿರುವುದಿಲ್ಲ ಎಂದು ಹೆಸರು ಬರೆಯುವುದೊಂದನ್ನು ಹಟ ಹಿಡಿದು ಕಲಿತಿದ್ದಳು. ಪ್ರಪಂಚದಲ್ಲಿರುವ ಅಷ್ಟೂ ಅಕ್ಷರಗಳಲ್ಲಿ ಅವಳಿಗೆ ಗುರುತು ಸಿಗುತ್ತಿದ್ದದ್ದು ಆ ಒಂದು ಹೆಸರು.

ಸಂಘದ ರೇವಮ್ಮ ಒಂದು ಭಾನುವಾರ ಮನೆಗೆ ಬೀಗ ಹಾಕಿ ಮಕ್ಕಳ ಜೊತೆ ಎಲ್ಲಿಗೋ ಹೋದಳು. ತಮಿಳುನಾಡು ಅಂದರು, ಬೆಂಗಳೂರಿನ ಗಾರ್ಮೆಂಟ್ಸ್ ಅಂದರು. ಮಂಗಳವಾರ ಚಾಪೆಯ ಮೇಲೆ ನಾಲ್ಕೇ ಜನ. ಮಧುಕುಮಾರ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು ಕೇಳಿದ, "ರೇವಮ್ಮಂದು ಯಾರ್ ಕಟ್ತೀರಿ?"

ಮೂವರು ನೆಲ ನೋಡಿದರು. ಹೊಂಬಾಳಮ್ಮ, ಪ್ರಮಾಣದ ಕೈ ಇನ್ನೂ ಚಾಚಿಕೊಂಡೇ ಇದ್ದಾಳೋ ಎನ್ನುವ ಹಾಗೆ, "ನಾನ್ ಕಟ್ತೀನಿ" ಅಂದಳು.

ಹನ್ನೊಂದು ವಾರ ಕಟ್ಟಿದಳು. ತನ್ನ ಕಂತಿನ ಜೊತೆಗೆ ರೇವಮ್ಮನದೂ. ಹನ್ನೆರಡನೆಯ ವಾರ ಗೂಡಿನ ರೇಟು ಏರಿ ನೂಲಿನ ರೇಟು ಇಳಿದಾಗ ತನ್ನದನ್ನು ಮಾತ್ರ ಕೊಟ್ಟಳು. ಅವತ್ತಿನಿಂದ ಮಧುಕುಮಾರ ಮಂಗಳವಾರದವನಾಗಿ ಉಳಿಯಲಿಲ್ಲ, ದಿನಾ ಬರತೊಡಗಿದ. ಬೆಳಗ್ಗೆ ಜಗಲಿಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಜೊತೆಗೆ ಇಬ್ಬರು ದಾಂಡಿಗರು. ಸಂಘದ ಹೆಂಗಸರನ್ನೂ ಕರೆಸಿ ಅಂಗಳದಲ್ಲಿ ಕೂರಿಸಿ, ಕಂತು ಬರುವವರೆಗೆ ಯಾರೂ ಏಳುವ ಹಾಗಿಲ್ಲ ಎಂದ. ಸಂಘದವಳೇ ಆದ ಎದುರುಮನೆಯ ಚೌಡಮ್ಮನ ಒಲೆಯ ಮೇಲಿನ ಅನ್ನ ಸೀದು ಹೋಯಿತು. ಅವಳು ಅಂಗಳದಲ್ಲಿ ಕೂತಲ್ಲಿಂದಲೇ ಕೂಗಿ ಹೇಳಿದಳು, "ನೀನ್ ಲೀಡರಾಗಿದ್ದು ನಿನ್ ಸೊಕ್ಕಿಗೆ ಕಣಮ್ಮಿ, ನಮ್ ಅನ್ನ ಸೀಯಾಕಲ್ಲ!"

ಉತ್ತರ ಕೊಡದ ಹೊಂಬಾಳಮ್ಮನನ್ನು ಆ ಬೀದಿ ಮೊದಲ ಸಲ ನೋಡಿದ್ದು ಅವತ್ತು.

ಒಂದು ಗುರುವಾರ ಅವಳು ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದಳು. ಬೋರಲಿಂಗಯ್ಯ ಹಿಂದುಗಡೆ ಸೌದೆ ಸೀಳುತ್ತಿದ್ದ. ವಾಪಸು ಬರುವಷ್ಟರಲ್ಲಿ ಬೀದಿಯ ಕಡೆಯ ಗೋಡೆಯ ಮೇಲೆ, ಒಂದೊಂದು ಅಕ್ಷರವೂ ಮೊಳದುದ್ದ, ಕೆಂಪು ಆಯಿಲ್ ಪೇಂಟಿನಲ್ಲಿ ಏನೋ ಬರೆದಿತ್ತು. ಮಧುಕುಮಾರ ಇನ್ನೂ ಕೈ ಒರೆಸಿಕೊಳ್ಳುತ್ತಿದ್ದ. ಹೊಂಬಾಳಮ್ಮ ಗೂಡಿನ ಮೂಟೆ ಇಳಿಸದೆ ನಿಂತು ನೋಡಿದಳು. ಮೇಲಿನ ಸಾಲು ತಿಳಿಯಲಿಲ್ಲ. ಕೆಳಗಿನ ಸಾಲಿನ ಬಲತುದಿಯಲ್ಲಿ ತನ್ನ ಹೆಸರು ಕಂಡಿತು.

"ಏನಂತ ಬರ್ದವ್ರೆ?" ಎಂದು ಕೇಳಿದಳು.

ಕೊನೆಗೆ ಚೌಡಮ್ಮನೇ ಓದಿದಳು, ಈ ಸಲ ಕೂಗದೆ: "ಇದು ಸಾಲ ತೀರಿಸದವರ ಮನೆ. ಸಂಘದ ಲೀಡರ್ ಹೊಂಬಾಳಮ್ಮ."

ಬೋರಲಿಂಗಯ್ಯ ಬಹಳ ಮಾತಿನ ಮನುಷ್ಯನಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವನು ತಾನಾಗಿ ಒಂದು ನಿರ್ಧಾರ ಮಾಡಿದ್ದನ್ನು ಕಂಡವರಿಲ್ಲ. ಆ ದಿನ ಅವನು ಒಳಗೆ ಹೋಗಿ ಸುಣ್ಣದ ಗಡಿಗೆ ಹಿಡಿದು ಬಂದ. ಹೊಂಬಾಳಮ್ಮ ಅವನ ಕೈಯಿಂದ ಗಡಿಗೆ ಕಸಿದು ಕೆಳಗಿಟ್ಟಳು.

"ನಾವ್ಯಾಕ್ ಬಳೀಬೇಕು? ಯಾರ್ ಬರುದ್ರೋ ಅವ್ರೇ ಅಳುಸ್ಬೇಕು. ಅವ್ರ ಕೈಯಾರೆ."

ಆಮೇಲಿನ ನಾಲ್ಕು ತಿಂಗಳು ಅವಳು ಇದೊಂದು ಮಾತಿನ ಮೇಲೆ ನಿಂತಳು. ಸಾಲ ಮನ್ನಾ ಬೇಡ, ಪರಿಹಾರ ಬೇಡ. ತನ್ನ ಪಾಲಿನ ಕಂತನ್ನು ಕಂಪನಿಯ ಆಫೀಸಿಗೇ ಹೋಗಿ ಕಟ್ಟಿ ರಶೀತಿ ತರುತ್ತಿದ್ದಳು. ಬರೆದವನು ಬಂದು ಅಳಿಸಬೇಕು, ಅಷ್ಟೇ.

ಠಾಣೆಯಲ್ಲಿ ಅದು ಹಣದ ವ್ಯವಹಾರ, ನಮಗೆ ಬರುವುದಿಲ್ಲ ಎಂದರು. ಅಲ್ಲಿಂದ ಅವಳು ಲಾಯರ್ ಪಂಚಾಕ್ಷರಯ್ಯನವರ ಹತ್ತಿರ ಹೋದಳು. ಅವರು ವಾರಕ್ಕೆ ಮೂರು ದಿನ ಕರಿಗೌನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಆರೂಕಾಲರ ಬಸ್ಸಿಗೆ ಹೈಕೋರ್ಟಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಕಂಡಕ್ಟರಿಗೆ ಸಂವಿಧಾನದ ವಿಧಿಗಳನ್ನು ನಂಬರ್ ಸಮೇತ ಹೇಳುತ್ತಿದ್ದರು. ಹೊಂಬಾಳಮ್ಮನ ಕಥೆಯನ್ನು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಎಂದು ಅವಳು ನಿಲ್ಲಿಸಿದಾಗ ಕಣ್ಣು ಬಿಟ್ಟು, "ರಿಟ್!" ಅಂದರು.

"ಏನ್ ಸ್ವಾಮಿ?"

"ರಿಟ್ ಹಾಕ್ತೀನಮ್ಮ. ನಿನ್ನನ್ನ ಕಾಯೋದು ಪೊಲೀಸ್ನೋರ ಕರ್ತವ್ಯ ಅಂತ ಕೋರ್ಟಿಂದಲೇ ಹೇಳಿಸ್ತೀನಿ. ಆದ್ರೆ ಒಂದ್ ಮಾತು. ಆ ಗೋಡೆ ಮುಟ್ಟಬೇಡ. ಆ ಗೋಡೆನೇ ನಿನ್ ಸಾಕ್ಷಿ. ಸಾಕ್ಷಿಗೆ ಸುಣ್ಣ ಬಳಿದೋರ್ನ ನಾನು ನಲವತ್ ವರ್ಷದ ಪ್ರಾಕ್ಟೀಸ್ನಲ್ಲಿ ನೋಡಿಲ್ಲ."

ಹೀಗೆ, ಯಾವುದನ್ನು ಅಳಿಸಬೇಕೆಂದು ಹೊಂಬಾಳಮ್ಮ ಕೋರ್ಟಿಗೆ ಹೋದಳೋ ಅದನ್ನೇ ಕಣ್ಣಿನ ರೆಪ್ಪೆಯ ಹಾಗೆ ಕಾಯುವುದು ಅವಳ ಪಾಲಿಗೆ ಬಂತು. ಮಳೆ ಹನಿಸಿದರೆ ಗೋಡೆಗೆ ಗೋಣಿತಾಟು ಕಟ್ಟುತ್ತಿದ್ದಳು. ದಾರಿಹೋಕರು ನಿಂತು ಓದುತ್ತಿದ್ದರು. ಓದು ಬರುವವರ ಸಂಖ್ಯೆ ನಮ್ಮ ಕಡೆ ಎಷ್ಟು ಹೆಚ್ಚಿದೆ ಎಂದು ಅವಳಿಗೆ ತಿಳಿದದ್ದೇ ಆಗ.

ಕೋರ್ಟಿನಲ್ಲಿ ಕಂಪನಿಯವರು, ನಾವು ಅಂಥದ್ದೇನೂ ಬರೆಸಿಲ್ಲ, ಲಾಯರ್ ತೆಗೆಸಿ ಕೊಟ್ಟ ಗೋಡೆಯ ಫೋಟೋ ಕಂಪ್ಯೂಟರಿನಲ್ಲಿ ಮಾಡಿದ್ದು ಎಂದು ತಕರಾರು ತೆಗೆದರು. ನ್ಯಾಯಾಧೀಶರು ಎರಡು ಮಾತು ಹೇಳಿದರು. ಕೇಸು ಮುಗಿಯುವವರೆಗೆ ಈ ಹೆಂಗಸಿಗೆ ಪೊಲೀಸ್ ರಕ್ಷಣೆ ಕೊಡಿ. ಯುಗಾದಿ ಕಳೆದ ಮೂರನೇ ದಿನ ಇನ್ಸ್‌ಪೆಕ್ಟರು ಖುದ್ದಾಗಿ ಹೋಗಿ, ಎರಡೂ ಕಡೆಯವರ ಮುಂದೆ ಗೋಡೆ ನೋಡಿ, ಕಂಡದ್ದನ್ನು ಬರೆದು ಕಳಿಸಲಿ.

ರಕ್ಷಣೆ ಎಂಬುದು ಹೆಡ್ ಕಾನ್‌ಸ್ಟೆಬಲ್ ಜವರಪ್ಪನ ರೂಪದಲ್ಲಿ ಬಂತು. ನಿವೃತ್ತಿಗೆ ಎಂಟು ತಿಂಗಳಿದ್ದ ಜವರಪ್ಪ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು, ಬೀಟ್ ಪುಸ್ತಕ ನೇತುಹಾಕಿದ. ದಿನಾ ಬಂದು ಅದರಲ್ಲಿ ಗಂಟೆ ಬರೆದು ಸಹಿ ಮಾಡಿ, ಮಧುಕುಮಾರ ಕೂರುತ್ತಿದ್ದ ಜಾಗದಲ್ಲೇ ಜಗಲಿಯ ಮೇಲೆ ಕೂರುತ್ತಿದ್ದ. ಮಧುಕುಮಾರ ಬರುವುದು ನಿಂತಿತು. ಆದರೆ ಬಾಗಿಲಲ್ಲಿ ಖಾಕಿ ಕಂಡ ಕೂಡಲೇ ಚರಕಕ್ಕೆ ಬರುತ್ತಿದ್ದ ಕೂಲಿಯವಳೂ ಬರುವುದು ನಿಲ್ಲಿಸಿದಳು.

"ಒಳ್ಳೇ ರಕ್ಷಣೆ ಕಣ್ ಜವರಣ್ಣ," ಎಂದಳು ಹೊಂಬಾಳಮ್ಮ. "ಮುಂಚೆ ಸಾಲಗಾರ್ತಿ ಅಂತಿದ್ರು. ಈಗ ಕಳ್ಳಿನೂ ಇರ್ಬೋದು ಅಂತವ್ರೆ."

"ನಾನೇನ್ ಮಾಡ್ಲವ್ವ? ಮಫ್ತೀಲಿ ಬಂದ್ರೆ ಕಂಪನಿಯೋನು ಅಂದ್ಕೋತಾರೆ. ಒಸಿ ಕಾಫಿ ಕಾಯ್ಸು."

ಯುಗಾದಿ ಹತ್ತಿರ ಬಂತು. ನೂಲುಬೀದಿಯಲ್ಲಿ ಸುಣ್ಣ ಕಲಸುವ ಕಾಲ. ಗಡಿಗೆಯಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುವುದು, ಅದಕ್ಕೊಂದು ಚಿಟಿಕೆ ನೀಲಿ, ನಾರಿನ ಕುಂಚ, ಮೈಮೇಲೆ ಚುಕ್ಕಿಚುಕ್ಕಿ. ದಿನಕ್ಕೊಂದು ಮನೆ ಬೆಳ್ಳಗಾಗುತ್ತ ಬಂದು, ಕೊನೆಗೆ ಇಡೀ ಸಾಲಿನಲ್ಲಿ ಒಂದೇ ಗೋಡೆ ಹಳೆಯದಾಗಿ ಉಳಿಯಿತು. ಸುತ್ತಲೂ ಬಿಳುಪಾದದ್ದರಿಂದ ಅದರ ಮೇಲಿನ ಕೆಂಪು ಇನ್ನೂ ಕೆಂಪಾಗಿ ಕಂಡಿತು.

ಹಬ್ಬದ ಹಿಂದಿನ ದಿನ ಹೊಂಬಾಳಮ್ಮ ನೂಲು ಮಾರಲು ಹೋಗಿದ್ದಳು. ಜವರಪ್ಪ ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದ. ಸಂಜೆ ಅವಳು ಬೀದಿಯ ತಿರುವಿಗೆ ಬಂದಾಗ ಮನೆ ತಪ್ಪಿತೇನೋ ಅನ್ನಿಸಿತು. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಬಾಗಿಲಿಗೆ ಮಾವಿನ ತೋರಣ. ಬೋರಲಿಂಗಯ್ಯ ತಲೆಯಿಂದ ಕಾಲಿನವರೆಗೆ ಸುಣ್ಣದ ಚುಕ್ಕಿಯಾಗಿ, ಕುಂಚ ಹಿಡಿದು, ಮದುವೆಯ ದಿನವೂ ಇಲ್ಲದ ಸಂಭ್ರಮದಲ್ಲಿ ನಿಂತಿದ್ದ.

ಹೊಂಬಾಳಮ್ಮನ ಎದೆಯಿಂದ ನಾಲ್ಕು ತಿಂಗಳ ಭಾರ ಇಳಿದ ಹಾಗಾಯಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ಜಗಲಿಯ ಮೇಲೆ ಕುಸಿದು ಕೂತಳು.

"ಏನ್ ಮಾಡ್ಬುಟ್ರಿ?"

"ಹಬ್ಬ ಅಲ್ವಾ," ಅಂದ ಬೋರಲಿಂಗಯ್ಯ. "ಮೂರ್ ಕೈ ಹೊಡ್ದಿವ್ನಿ. ಒಂದ್ ಚೂರೂ ಕಾಣಲ್ಲ, ಬೇಕಾದ್ರೆ ಹತ್ರದಿಂದ ನೋಡು."

"ಅದೇ ಸಾಕ್ಷಿ ಅಂತ ಲಾಯರ್ ಬಡ್ಕೊಂಡಿದ್ರಲ್ಲಾ! ಇನ್ನ್ ಮೂರ್ ದಿನ ಬಿಟ್ಟು ಇನ್ಸ್‌ಪೆಕ್ಟ್ರು ಬಂದು ಏನ್ ನೋಡ್ತಾರೆ? ನಿಮ್ ಸುಣ್ಣನಾ?"

ಅವನ ಕೈಯಲ್ಲಿದ್ದ ಕುಂಚ ನಿಧಾನವಾಗಿ ಕೆಳಗಾಯಿತು. ಅದನ್ನು ಗಡಿಗೆಯಲ್ಲಿಟ್ಟು ಅಂದ, "ನೀನು ದಿನಾ ಹೊರಗ್ ಬರೋವಾಗ ಗೋಡೆ ಕಡೆ ನೋಡ್ದಂಗೆ ಮಖ ತಿರುಗ್ಸ್ಕಂಡ್ ಬತ್ತಿದ್ದೆ. ಹಬ್ಬದ್ ದಿನ ಒಂದಿನನಾದ್ರೂ ನೆಟ್ಟಗೆ ಬರ್ಲಿ ಅಂತ..."

ಬೈಯಬೇಕೆಂದು ತೆರೆದ ಬಾಯನ್ನು ಹೊಂಬಾಳಮ್ಮ ಹಾಗೇ ಮುಚ್ಚಿದಳು. ಒಳಗೆ ಹೋಗಿ ಅವನ ತಲೆಗೆ ಹಚ್ಚಲು ಹರಳೆಣ್ಣೆ ಕಾಯಿಸಿದಳು. ಮಾರನೆಯ ದಿನ ಹಬ್ಬದ ಒಬ್ಬಟ್ಟನ್ನು ಇಬ್ಬರೂ ಗೋಡೆಗೆ ಬೆನ್ನು ಮಾಡಿ ಕೂತು ತಿಂದರು.

ಲಾಯರ್ ಪಂಚಾಕ್ಷರಯ್ಯನವರು ಫೋನಿನಲ್ಲಿ ಸುದ್ದಿ ಕೇಳಿ, ನಲವತ್ತು ವರ್ಷದ ಪ್ರಾಕ್ಟೀಸನ್ನು ಎರಡು ಸಲ ನೆನೆಸಿಕೊಂಡರು. ಕಾವಲಿನ ಜವರಪ್ಪನ ಮಾತೊಂದೇ ಸಾಲದು, ಬೀದಿಯವರು ಯಾರಾದರೂ ಇಬ್ಬರು, ಬರೆದದ್ದನ್ನು ನೋಡಿದ್ದೇವೆ ಎಂದು ಹೇಳಿ ಸಹಿ ಹಾಕಿದರೆ ಏನಾದರೂ ಮಾಡಬಹುದು ಎಂದರು. ಹೊಂಬಾಳಮ್ಮ ಮನೆಮನೆಗೆ ಹೋದಳು. ಎಲ್ಲರೂ ಬೇವುಬೆಲ್ಲ ಕೊಟ್ಟರು. ಸಹಿ ಎಂದ ಕೂಡಲೇ ಎಲ್ಲರಿಗೂ ಒಲೆಯ ಮೇಲೆ ಏನೋ ಉಕ್ಕಿತು. ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಅದೇ ಕಂಪನಿಯ ಸಾಲವಿತ್ತು. ಚೌಡಮ್ಮ ಮಾತ್ರ ನೆಪ ಹೇಳಲಿಲ್ಲ. "ನಾಳೆ ನನ್ ಗೋಡೆ ಮೇಲೆ ಬರುದ್ರೆ ನನ್ನ ಯಾರಮ್ಮಿ ಕಾಯ್ತಾರೆ? ಇರೋದ್ ಒಬ್ಬ ಜವರಪ್ಪ" ಅಂದಳು.

ಆ ದಿನ ಬಂತು. ಇನ್ಸ್‌ಪೆಕ್ಟರು ಜೀಪಿನಿಂದಿಳಿದರು. ಕಂಪನಿಯ ಕಡೆಯಿಂದ ಟೈ ಕಟ್ಟಿದ ಮ್ಯಾನೇಜರು, ಅವನ ಹಿಂದೆ ಮಧುಕುಮಾರ. ಪಂಚಾಕ್ಷರಯ್ಯನವರು ಬಿಸಿಲಿನಲ್ಲೂ ಗೌನು ಹಾಕಿಕೊಂಡೇ ಬಂದಿದ್ದರು, ಹೊದೆಸಿಟ್ಟ ವಿಗ್ರಹದ ಹಾಗೆ ನಿಂತಿದ್ದರು. ಬೀದಿ ಪೂರ್ತಿ ಬಾಗಿಲುಗಳಲ್ಲಿ ತುಂಬಿತ್ತು.

ಮ್ಯಾನೇಜರು ಗೋಡೆಯನ್ನು ಆ ತುದಿಯಿಂದ ಈ ತುದಿಗೆ ನೋಡಿ, ಮೆಲ್ಲಗೆ ನಕ್ಕ. "ಸಾರ್, ನಾವ್ ಮೊದ್ಲಿಂದ ಹೇಳ್ತಿರೋದು ಇದೇನೇ. ಎಲ್ಲಿದೆ ಬರಹ? ತುಂಬಾ ನೀಟಾಗಿದೆ ಮನೆ. ಹಬ್ಬ ಚೆನ್ನಾಗ್ ಮಾಡಿದ್ದಾರೆ."

ಇನ್ಸ್‌ಪೆಕ್ಟರು ಪೆನ್ನಿನ ಕ್ಯಾಪ್ ತೆಗೆದು, "ಏನಮ್ಮಾ, ಬರಹ ಏನೂ ಕಾಣ್ತಿಲ್ಲ ಅಂತ ಬರ್ಕೊಳ್ಳಾ?" ಎಂದು ಕೇಳಿದರು.

ಹೊಂಬಾಳಮ್ಮ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಹಿಂದುಗಡೆಗೆ ಹೋದಳು. ಬೇಸಿನ್ನಿನ ಕುದಿನೀರನ್ನು ಬಕೀಟಿಗೆ ಮೊಗೆದು, ತೆಂಗಿನ ನಾರಿನ ಉಂಡೆ ಹಿಡಿದು ಬಂದಳು. ನೀರಿನ ಹಬೆ, ಅದರ ಜೊತೆ ಹುಳದ ವಾಸನೆ. ಮ್ಯಾನೇಜರು ಟೈ ಎತ್ತಿ ಮೂಗಿಗೆ ಹಿಡಿದ.

ನಾರನ್ನು ಆ ಕುದಿನೀರಿನಲ್ಲಿ ಅದ್ದಿ, ಅವಳು ನೇರವಾಗಿ ಗೋಡೆಯ ಬಲಗಡೆಗೆ ಹೋಗಿ ಕೆಳತುದಿಯಲ್ಲಿ ಉಜ್ಜತೊಡಗಿದಳು. ಸುಣ್ಣ ಹಾಲಾಗಿ ಇಳಿಯಿತು. ಮೊದಲು ಒಂದು ಕೆಂಪು ಗೆರೆ, ಆಮೇಲೆ ಒಂದು ಸುತ್ತು. ಎಲ್ಲಿ ಉಜ್ಜಬೇಕು ಎಂದು ಅವಳಿಗೆ ಗೊತ್ತಿದ್ದದ್ದು ಆ ಒಂದು ಜಾಗ ಮಾತ್ರ. ತನ್ನ ಹೆಸರು ಪೂರ್ತಿ ಕಾಣುವವರೆಗೆ ಉಜ್ಜಿದಳು. ಮೊಣಕೈವರೆಗೆ ಸುಣ್ಣದ ನೀರು ಹರಿಯುತ್ತಿತ್ತು.

ನಾಲ್ಕು ತಿಂಗಳಿಂದ ಯಾವ ಹೆಸರಿನ ಕಡೆ ಮುಖ ತಿರುಗಿಸಿಕೊಂಡು ನಡೆದಿದ್ದಳೋ ಅದರ ಮುಂದೆ ನಿಂತು ತಿರುಗಿದಳು.

"ಇದು ನಾನು ಸಾರ್. ಮಿಕ್ಕಿದ್ದು ನಂಗೆ ಓದಕ್ ಬರಲ್ಲ. ಬರೆದೋನು ಅಲ್ಲವ್ನೆ, ಕೇಳಿ."

ಮಧುಕುಮಾರ ತನ್ನ ಚಪ್ಪಲಿ ನೋಡಿಕೊಂಡ. ಆಗ ಬೋರಲಿಂಗಯ್ಯ ಮುಂದೆ ಬಂದು ಅವಳ ಕೈಯಿಂದ ನಾರು ತೆಗೆದುಕೊಂಡ. ತಾನು ಮೂರು ಕೈ ಹೊಡೆದ ಸುಣ್ಣವನ್ನು ತಾನೇ, ಒಂದೊಂದು ಅಕ್ಷರವಾಗಿ ಬಿಡಿಸುತ್ತ ಹೋದ. ಕುದಿನೀರಿಗೆ ಅವನ ಕೈ ಹೊಂದಿಕೊಂಡಿರಲಿಲ್ಲ. ಪ್ರತಿ ಸಲ ಅದ್ದುವಾಗಲೂ ಹಲ್ಲು ಕಚ್ಚುತ್ತಿದ್ದ.

ಇನ್ಸ್‌ಪೆಕ್ಟರು ಕಂಡದ್ದನ್ನು ಕಂಡ ಹಾಗೆ ಬರೆದರು. "ಪಂಚರು ಇಬ್ಬರು ಬೇಕು. ಯಾರ್ ಸಹಿ ಹಾಕ್ತೀರಿ?"

ಒಂದೆರಡು ಬಾಗಿಲು ಮುಚ್ಚಿಕೊಂಡವು. ಎದುರುಮನೆಯ ಚೌಡಮ್ಮ ಸೆರಗಿಗೆ ಕೈ ಒರೆಸುತ್ತ ದಾಟಿ ಬಂದಳು. "ತನ್ನಿ ಇತ್ತ. ಅವತ್ತು ಓದಿ ಹೇಳ್ದೋಳು ನಾನೇ ತಾನೆ." ಎರಡನೆಯ ಸಹಿಗೆ, ಇನ್ಸ್‌ಪೆಕ್ಟರು ಕಾಯುತ್ತಲೇ ಇದ್ದಾಗ, ಬೀದಿಯ ಕೊನೆಯ ಎಮ್ಮೆಯ ಯಜಮಾನ ಬಂದ. ಅವನು ಯಾರ ಹತ್ತಿರವೂ ಸಾಲ ಮಾಡಿರಲಿಲ್ಲ. ಯಾರೂ ಅವನಿಗೆ ಕೊಟ್ಟಿರಲಿಲ್ಲ.

ಪಂಚಾಕ್ಷರಯ್ಯನವರು ಹೊರಡುವಾಗ, "ನಾನ್ ಅಂದ್ಕೊಂಡ ಹಾಗೇ ಆಯ್ತು" ಎಂದರು.

ಮುಂದಿನ ತಿಂಗಳು ಕೋರ್ಟಿನ ಆದೇಶ ಬಂತು. ವಸೂಲಿಗೆಂದು ಯಾರೂ ಈಕೆಯ ಮನೆಗೆ ಹೋಗಕೂಡದು. ರೇವಮ್ಮನ ಸಾಲವನ್ನು ಈಕೆಯಿಂದ ಕೇಳಬೇಕಿದ್ದರೆ ದಾವೆ ಹಾಕಿ ಕೇಳಲಿ. ಗೋಡೆಯ ಮೇಲಿನದನ್ನು ಕಂಪನಿ ತನ್ನ ಖರ್ಚಿನಲ್ಲಿ ಏಳು ದಿನದೊಳಗೆ, ಪೊಲೀಸರ ಮುಂದೆ ಅಳಿಸಲಿ. ಏಳನೆಯ ದಿನ, ಅದು ಮಂಗಳವಾರ, ಬೆಳಗ್ಗೆ ಏಳಕ್ಕೆ ಮಧುಕುಮಾರ ಬಂದ. ಬೈಕಿರಲಿಲ್ಲ. ಕೈಯಲ್ಲಿ ಕಬ್ಬಿಣದ ಪಟ್ಟಿ, ಒಂದು ಡಬ್ಬಿ ಪೇಂಟ್ ತೆಗೆಯುವ ದ್ರಾವಣ. ಜವರಪ್ಪ ಜಗಲಿಯ ಮೇಲೆ ಕೂತು ಗಂಟೆ ಬರೆದುಕೊಂಡ.

ಹೊಂಬಾಳಮ್ಮ ಹೊರಗೆ ಬಂದು ನೋಡಲಿಲ್ಲ. ಹಿಂದುಗಡೆ ಬೇಸಿನ್ ಮುಂದೆ ಕೂತು ನೂಲಿನ ತುದಿ ಹುಡುಕುತ್ತಿದ್ದಳು. ಗೋಡೆ ಕೆರೆಯುವ ಸದ್ದು ಅಲ್ಲಿಗೆ ಕೇಳುತ್ತಿತ್ತು. ಆಯಿಲ್ ಪೇಂಟ್ ಸುಲಭಕ್ಕೆ ಬಿಡುವಂಥದ್ದಲ್ಲ. ಹತ್ತು ಗಂಟೆಯವರೆಗೂ ಸದ್ದು ನಿಲ್ಲಲಿಲ್ಲ. ನಿಂತಾಗ ಅವಳು ಎದ್ದು ಬಂದಳು.

"ಇದೊಂದ್ ಉಳೀತು," ಎಂದ ಮಧುಕುಮಾರ, ಬಲತುದಿ ತೋರಿಸಿ. "ನಿಮ್ ಹೆಸ್ರು. ಇದನ್ನೂ..."

"ಅಳ್ಸಪ್ಪ. ಗೋಡೆ ಮೇಲೆ ಹೆಸ್ರು ಬರ್ಸ್ಕಂಡು ಸಾಕಾಗದೆ."

ಅವನು ಅದನ್ನೂ ಕೆರೆದ. ದ್ರಾವಣಕ್ಕೆ ಅವನ ಬೆರಳುಗಳು ಸಿಪ್ಪೆ ಎದ್ದು ಕೆಂಪಾಗಿದ್ದವು. ಹೊಂಬಾಳಮ್ಮ ಆ ಕೈಯನ್ನು ನೋಡಿದಳು. ಕೈ ಎಂದರೆ ಅವಳಿಗೆ ತಿಳಿದ ವಿಷಯ. ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಜಗಲಿಯ ಮೇಲಿಟ್ಟಳು.

"ಹಚ್ಕೊ. ಇಲ್ದಿದ್ರೆ ಬೊಬ್ಬೆ ಬತ್ತವೆ."

ಅವನು ಹಚ್ಚಿಕೊಂಡ. "ನಂಗೂ ಮೇಲಿನೋರು ಹೇಳಿದ್ದು ಲೀಡರಮ್ಮ..." ಎಂದು ಶುರು ಮಾಡಿದ. ಅವಳು ಕೇಳಿಸಿಕೊಳ್ಳುವವಳ ಹಾಗೆ ಕಾಣದ್ದರಿಂದ ನಿಲ್ಲಿಸಿದ.

ಒಳಗಿನಿಂದ ಕಾಫಿಯ ವಾಸನೆ ಬಂತು. ಬೋರಲಿಂಗಯ್ಯ ತಟ್ಟೆ ಹಿಡಿದು ಬಾಗಿಲಿಗೆ ಬಂದ. ತಟ್ಟೆಯಲ್ಲಿ ಹಿತ್ತಾಳೆ ಲೋಟ ಎರಡಿದ್ದವು. ಒಂದನ್ನು ಹೊಂಬಾಳಮ್ಮ ಜವರಪ್ಪನಿಗೆ ಕೊಟ್ಟಳು. ಇನ್ನೊಂದನ್ನು ತಟ್ಟೆಯಿಂದೆತ್ತಿ ಬೋರಲಿಂಗಯ್ಯನ ಕೈಗೇ ಕೊಟ್ಟು, "ನೀವ್ ಕುಡೀರಿ" ಅಂದಳು. ಮಧುಕುಮಾರ ಇನ್ನೂ ಒಂದು ಗಳಿಗೆ ನಿಂತಿದ್ದು, ಕಬ್ಬಿಣದ ಪಟ್ಟಿಯನ್ನು ಕಂಕುಳಿಗೆ ಸೇರಿಸಿ, ಬಸ್ ಸ್ಟ್ಯಾಂಡಿನ ಕಡೆ ನಡೆದ.